ಯುದ್ಧ ಗೆದ್ದಿತು, ಗುಲಾಮಗಿರಿ ಉಳಿಯಿತು

ಅಮೆರಿಕದ ಸ್ವಾತಂತ್ರ್ಯ ಸಮರ ಎಂದೊಡನೆ ನಮಗೆ ನೆನಪಾಗುವುದು ಜಾರ್ಜ್ ವಾಷಿಂಗ್ಟನ್, ಥಾಮಸ್ ಜೆಫರ್ಸನ್, ಬೆಂಜಮಿನ್ ಫ್ರಾಂಕ್ಲಿನ್ ಮುಂತಾದವರ ಹೆಸರುಗಳು. ಎಲ್ಲ ಮನುಷ್ಯರೂ ಸಮಾನರೆಂದು 1776ರ ಸ್ವಾತಂತ್ರ್ಯ ಘೋಷಣೆ ಸಾರಿತು. ಆದರೆ ಅದನ್ನು ಬರೆದ ಜೆಫರ್ಸನ್ ಮತ್ತು ಸೇನೆಯನ್ನು ಮುನ್ನಡೆಸಿದ ವಾಷಿಂಗ್ಟನ್ ಇಬ್ಬರೂ ಗುಲಾಮರ ಒಡೆಯರಾಗಿದ್ದರು ಎಂಬುದನ್ನು ನಾವು ಮರೆಯುವಂತಿಲ್ಲ.

ಈ ವಿರೋಧಾಭಾಸವನ್ನು ಬ್ರಿಟಿಷರು ಚೆನ್ನಾಗಿ ಬಳಸಿಕೊಂಡರು. 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್‌ಮೋರ್, ಬಂಡಾಯಗಾರರ ಗುಲಾಮರು ತಮ್ಮ ಪಡೆ ಸೇರಿದರೆ ಬಿಡುಗಡೆ ನೀಡುವುದಾಗಿ ಘೋಷಿಸಿದರು. ಇದು ಕರುಣೆಯಲ್ಲ, ಯುದ್ಧತಂತ್ರ. ಬ್ರಿಟಿಷರಿಗೆ ನಿಷ್ಠರಾಗಿದ್ದ ಒಡೆಯರ ಗುಲಾಮರಿಗೆ ಈ ಭರವಸೆ ಇರಲಿಲ್ಲ. ಆದರೂ ಸಾವಿರಾರು ಮಂದಿ ಓಡಿಬಂದರು. ವಾಷಿಂಗ್ಟನ್‌ರ ಗುಲಾಮರಾಗಿದ್ದ ಹ್ಯಾರಿ ಕೂಡ ಅವರಲ್ಲಿ ಒಬ್ಬರು.

ಇನ್ನೊಂದು ಪಾಳಯದಲ್ಲಿ ಜೇಮ್ಸ್ ಎಂಬ ಗುಲಾಮರಿದ್ದರು. 1781ರಲ್ಲಿ ಅವರು ಒಡೆಯ ವಿಲಿಯಂ ಆರ್ಮಿಸ್ಟೆಡ್‌ರ ಅನುಮತಿ ಪಡೆದು, ಅಮೆರಿಕನ್ನರ ಪರ ಹೋರಾಡುತ್ತಿದ್ದ ಫ್ರೆಂಚ್ ಸೇನಾನಿ ಲಫಾಯೆಟ್ ಅವರ ಗೂಢಚಾರರಾದರು. ಕಾರ್ನ್‌ವಾಲಿಸ್‌ನ ಬ್ರಿಟಿಷ್ ಶಿಬಿರದೊಳಗಿನ ಸುದ್ದಿಯನ್ನು ಜೀವದ ಹಂಗು ತೊರೆದು ತಲುಪಿಸಿದರು. ಫ್ರೆಂಚ್ ನೌಕಾಪಡೆ ಸಮುದ್ರದ ದಾರಿ ಮುಚ್ಚಿತು. ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನೆಗಳು ಭೂಮಾರ್ಗವನ್ನು ಸುತ್ತುವರಿದವು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಶರಣಾಯಿತು.

ದೇಶ ಸ್ವತಂತ್ರವಾಯಿತು, ಜೇಮ್ಸ್ ಮಾತ್ರ ಗುಲಾಮರಾಗಿಯೇ ಉಳಿದರು. ಒಡೆಯರ ಬದಲಿಗೆ ಸೈನಿಕರಾಗಿ ಹೋರಾಡಿದ ಗುಲಾಮರನ್ನು ವರ್ಜೀನಿಯಾದ 1783ರ ಕಾನೂನು ಬಿಡುಗಡೆ ಮಾಡಿತು. ಜೇಮ್ಸ್ ಸೈನಿಕರಲ್ಲ, ಗೂಢಚಾರರು! ಲಫಾಯೆಟ್ 1784ರಲ್ಲಿ ಅವರ ಸೇವೆಯನ್ನು ಮೆಚ್ಚಿ ಪ್ರಮಾಣಪತ್ರ ಬರೆದುಕೊಟ್ಟರು. ಕೊನೆಗೆ ಬಿಡುಗಡೆ ದೊರೆತದ್ದು 1787ರ ಜನವರಿಯಲ್ಲಿ. ಕೃತಜ್ಞತೆಯಿಂದ ಅವರು ತಮ್ಮ ಹೆಸರನ್ನು ಜೇಮ್ಸ್ ಲಫಾಯೆಟ್ ಎಂದು ಬದಲಿಸಿಕೊಂಡರು.

ಆ ವೇಳೆಗೆ ಸೋತ ಸೇನಾಪತಿಯ ಗತಿ ಏನಾಗಿತ್ತು? 1786ರಲ್ಲೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದಿಳಿದಿದ್ದ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, 1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರ ಅರ್ಧ ರಾಜ್ಯವನ್ನೂ ಅವರ ಇಬ್ಬರು ಪುತ್ರರನ್ನು ಒತ್ತೆಯಾಳುಗಳನ್ನಾಗಿಯೂ ಪಡೆದವನು ಇದೇ ಕಾರ್ನ್‌ವಾಲಿಸ್. ಸೋತವನಿಗೆ ಸಾಮ್ರಾಜ್ಯ ಬೇಗನೆ ಹೊಸ ಅಧಿಕಾರ ನೀಡಿತು. ಗೆಲುವಿಗೆ ದುಡಿದವರು ತಮ್ಮ ದೇಹದ ಮೇಲಿನ ಹಕ್ಕಿಗಾಗಿ ಅರ್ಜಿ ಹಿಡಿದು ನಿಂತಿದ್ದರು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ಅಂತ್ಯಗೊಂಡದ್ದು 1865ರಲ್ಲಿ. ಯಾವುದೇ ಸ್ವಾತಂತ್ರ್ಯ ಸಮರದ ಚರಿತ್ರೆ ಓದುವಾಗ, ಗೆದ್ದವರಾರು ಎಂಬುದರೊಂದಿಗೆ ಬಿಡುಗಡೆ ಯಾರಿಗೆ ಸಿಕ್ಕಿತು ಎಂದೂ ನಾವು ಕೇಳಬೇಕಾಗಿದೆ.