ಶ್ಯಾಡೋಯಿಂಗ್ ಎಂದರೇನು? ನೀಟ್‌ಗೆ ಮೊದಲು ವೈದ್ಯರ ಪಕ್ಕದಲ್ಲಿ ಕೆಲವು ದಿನ

ವೈದ್ಯರ ಜೊತೆ ಕೆಲವು ದಿನ ಇದ್ದು, ಅವರು ರೋಗಿಗಳನ್ನು ಹೇಗೆ ನೋಡುತ್ತಾರೆ ಎಂದು ಗಮನಿಸುವುದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ನೆರಳಿನಂತೆ ಜೊತೆಗಿರುವುದಷ್ಟೇ ನಿಮ್ಮ ಕೆಲಸ. ರೋಗಿಯನ್ನು ಮುಟ್ಟುವಂತಿಲ್ಲ, ಸಲಹೆ ಕೊಡುವಂತಿಲ್ಲ.

ಅಮೆರಿಕದಲ್ಲಿ ಇದು ಮೆಡಿಕಲ್ ಪ್ರವೇಶದ ಭಾಗ. ಅಲ್ಲಿನ ಹೆಚ್ಚಿನ ಎಂ.ಡಿ. ಕಾಲೇಜುಗಳು ಬಳಸುವ ಎಎಂಸಿಎಎಸ್ ಅರ್ಜಿಯಲ್ಲಿ 15 ಅನುಭವಗಳವರೆಗೆ ಬರೆಯಬಹುದು. ಅದರಲ್ಲಿ ಶ್ಯಾಡೋಯಿಂಗ್‌ಗೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮಲ್ಲಿ ಎಂಬಿಬಿಎಸ್ ಸೀಟು ಸಿಗುವುದು ನೀಟ್ ಅಂಕಗಳ ಮೇಲೆ. ಆದ್ದರಿಂದ ಹಣ ಪಡೆದು ಶ್ಯಾಡೋಯಿಂಗ್ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಕೌನ್ಸೆಲಿಂಗ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಯಾಕೆ ಹೋಗಬೇಕು? ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದಕ್ಕೂ ಮೊದಲು ಕೋಚಿಂಗ್, ಕೆಲವರಿಗೆ ಒಂದೆರಡು ಡ್ರಾಪ್ ವರ್ಷ. ಬಯಾಲಜಿಯಲ್ಲಿ ಒಳ್ಳೆಯ ಅಂಕ ಬರುವುದೇ ಬೇರೆ, ದಿನವಿಡೀ ಇನ್ನೊಬ್ಬರ ನೋವಿನ ಮಾತು ಕೇಳುತ್ತ ಕೂರುವುದೇ ಬೇರೆ. ಎರಡನೆಯದು ನಿಮಗೆ ಒಗ್ಗುತ್ತದೆಯೇ ಎಂದು ಅಪ್ಪ ಅಮ್ಮ ಹೇಳಲಾರರು, ಕೋಚಿಂಗ್‌ನವರಂತೂ ಹೇಳುವುದಿಲ್ಲ.

ಎಲ್ಲರಿಗೂ ಆಪರೇಷನ್ ಥಿಯೇಟರ್ ನೋಡುವ ಆಸೆ. ನಮ್ಮ ಸಲಹೆ ಬೇರೆ: ನಿಮ್ಮ ಬಡಾವಣೆಯ ಫ್ಯಾಮಿಲಿ ಡಾಕ್ಟರನ್ನು ಕೇಳಿ, ಅವರ ಕ್ಲಿನಿಕ್‌ನಲ್ಲಿ ಮೂರ್ನಾಲ್ಕು ದಿನ ಕೂತುಕೊಳ್ಳಿ. ಅಲ್ಲಿ ಗಮನಿಸಬೇಕಾದದ್ದು ಪ್ರಶ್ನೆಗಳನ್ನು. ರೋಗಿ "ತಲೆಸುತ್ತು" ಎನ್ನುತ್ತಾರೆ. ಸುತ್ತಲಿನದೆಲ್ಲ ತಿರುಗಿದಂತೆ ಕಾಣುತ್ತದೆಯೇ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂದು ವೈದ್ಯರು ಬಿಡಿಸಿ ಕೇಳುತ್ತಾರೆ. ಮೊದಲನೆಯದಕ್ಕೆ ಕಾರಣ ಹಲವು ಸಲ ಒಳಕಿವಿಯಲ್ಲಿರುತ್ತದೆ. ಎರಡನೆಯದಾದರೆ ರಕ್ತದೊತ್ತಡ ಇಳಿಯುತ್ತಿದೆಯೇ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ನೋಡಬೇಕು. ಪರೀಕ್ಷೆಗಳನ್ನು ಬರೆಯುವ ಮೊದಲೇ ಅರ್ಧ ಕೆಲಸ ಮಾತಿನಲ್ಲೇ ಮುಗಿದಿರುತ್ತದೆ.

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ನಿಮಗೆ ಭಾಷೆಯ ಮಾತೂ ಬರುತ್ತದೆ. ಮನೆಯಲ್ಲಿ ಕನ್ನಡ ಸಾಕು. ಹೊಟ್ಟೆನೋವನ್ನು ಮರಾಠಿಯಲ್ಲಿ, ತಮಿಳಿನಲ್ಲಿ ಹೇಗೆ ವಿವರಿಸುತ್ತಾರೆ ಎಂಬುದನ್ನು ಕ್ಲಿನಿಕ್‌ನಲ್ಲೇ ಕಲಿಯಬೇಕು. ಕನ್ನಡದ ರೋಗಿ ಬಂದರೆ ನೀವಾಗಿ ಅನುವಾದಕ್ಕೆ ಇಳಿಯಬೇಡಿ. ವೈದ್ಯರು ಕೇಳಿದರೆ ಮಾತ್ರ ಹೇಳಿ, ಅದೂ ರೋಗಿ ಹೇಳಿದ್ದಷ್ಟನ್ನೇ.

ರೋಗಿಯ ಒಪ್ಪಿಗೆ ಪ್ರತಿ ಸಲವೂ ಬೇಕು. ನೀವು ವಿದ್ಯಾರ್ಥಿ ಎಂದು ವೈದ್ಯರು ತಿಳಿಸಲಿ. ರೋಗಿ ಬೇಡವೆಂದರೆ ಮರುಮಾತಿಲ್ಲದೆ ಹೊರಗೆ ಬನ್ನಿ. ಫೋಟೊ ಬೇಡ, ಸ್ಟೇಟಸ್ ಬೇಡ. ಬಂದವರು ಕನ್ನಡ ಸಂಘದಲ್ಲಿ ನೀವು ನೋಡಿದ ಅತ್ತೆಯೋ ಮಾವನೋ ಆಗಿರಬಹುದು. ಅವರು ಬಂದಿದ್ದರು ಎಂಬುದನ್ನೂ ಮನೆಯಲ್ಲಿ ಹೇಳುವಂತಿಲ್ಲ.

ತಿಂಡಿ ತಿಂದು ಹೋಗಿ. ಜ್ವರ, ಕೆಮ್ಮು ಇದ್ದರೆ ಆ ದಿನ ಬಿಡಿ. ಸೂಜಿ, ಬ್ಲೇಡ್‌ಗಳಿಂದ ದೂರವಿರಿ. ರಕ್ತ ನೋಡಿ ತಲೆ ತಿರುಗಿದರೆ ತಕ್ಷಣ ಕುಳಿತುಕೊಳ್ಳಿ. ಇದು ಎಷ್ಟೋ ಜನರಿಗೆ ಮೊದಮೊದಲು ಆಗುವಂಥದ್ದೇ, ಇದರಿಂದ ಡಾಕ್ಟರಾಗಲು ನೀವು ತಕ್ಕವರಲ್ಲ ಎಂದೇನೂ ಆಗುವುದಿಲ್ಲ.

ಕೊನೆಯ ದಿನ ರೋಗಿಗಳೆಲ್ಲ ಹೋದ ಮೇಲೆ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಈ ಕೆಲಸದಲ್ಲಿ ನಿಮಗೆ ಬೇಸರ ತರುವುದು ಯಾವುದು? ಮತ್ತೆ ಹದಿನೆಂಟು ವರ್ಷದವರಾದರೆ ಇದನ್ನೇ ಆರಿಸುತ್ತೀರಾ?