ನ್ಯಾಯಸ್ಥಾನದ ಕಡತಗಳೂ ಜರ್ಮನಿಯ ಯಹೂದಿಗಳ ಪ್ರಾದೇಶಿಕ ಇತಿಹಾಸವೂ

ಒಂದು ಸಮುದಾಯದ ಚರಿತ್ರೆಯನ್ನು ಆ ಸಮುದಾಯವೇ ಬರೆದಿಟ್ಟ ಗ್ರಂಥ, ಲೆಕ್ಕಪತ್ರ, ವಂಶಾವಳಿಗಳಿಂದ ನಿರೂಪಿಸುವುದು ಸಾಮಾನ್ಯ ಕ್ರಮ. ಆ ಬರಹಗಳೇ ಅಳಿದುಹೋದಲ್ಲಿ ಸಂಶೋಧಕನು ಯಾವುದನ್ನು ಆಶ್ರಯಿಸಬೇಕು? ಜರ್ಮನಿಯ ಯಹೂದಿಗಳ ಪ್ರಾದೇಶಿಕ ಇತಿಹಾಸವನ್ನು ಬರೆಯಹೊರಟವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನ್ಯೂರೆಂಬರ್ಗ್ ನಗರದಿಂದ 1499ರಲ್ಲಿ, ರೇಗೆನ್ಸ್‌ಬುರ್ಗಿನಿಂದ 1519ರಲ್ಲಿ, ರೋಥೆನ್‌ಬುರ್ಗಿನಿಂದ 1520ರಲ್ಲಿ ಯಹೂದಿಗಳು ಹೊರದೂಡಲ್ಪಟ್ಟರು. ಹೀಗೆ ನಗರಗಳನ್ನು ಕಳೆದುಕೊಂಡವರಲ್ಲಿ ಅನೇಕರು ಸಣ್ಣಪುಟ್ಟ ಒಡೆಯರ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ಚದುರಿ ನೆಲಸಿದರು. ಕೆಲವೇ ಮನೆಗಳ ಆ ಗ್ರಾಮಸಮುದಾಯಗಳು ಹೆಚ್ಚು ಬರೆದಿಡಲಿಲ್ಲ. ಬರೆದಿಟ್ಟದ್ದರಲ್ಲಿಯೂ ಬಹುಭಾಗ 1938ರ ನವೆಂಬರಿನಲ್ಲಿ ಪ್ರಾರ್ಥನಾಮಂದಿರಗಳು ಸುಟ್ಟಾಗಲೂ ಅನಂತರದ ವರ್ಷಗಳ ಜಪ್ತಿ, ವಿನಾಶಗಳಲ್ಲಿಯೂ ಕಳೆದುಹೋಯಿತು. ಉಳಿದಿರುವುದು ಹೆಚ್ಚಾಗಿ ಅನ್ಯರ ಕೈಬರಹ. ಅದರಲ್ಲಿ ನ್ಯಾಯಸ್ಥಾನದ ಕಡತಗಳಿಗೆ ಮೊದಲ ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಉದ್ದೇಶಿಸಿರುವುದು ಪವಿತ್ರ ರೋಮನ್ ಸಾಮ್ರಾಜ್ಯದ ಉನ್ನತ ನ್ಯಾಯಸ್ಥಾನವಾದ ರೈಷ್‌ಕಾಮರ್‌ಗೆರಿಷ್ಟನ್ನು. 1495ರಲ್ಲಿ ವೋರ್ಮ್ಸ್ ನಗರದ ಸಾಮ್ರಾಜ್ಯಸಭೆಯಲ್ಲಿ ಒಂದನೆಯ ಮ್ಯಾಕ್ಸಿಮಿಲಿಯನನ ಕಾಲದಲ್ಲಿ ಇದು ಸ್ಥಾಪಿತವಾಯಿತು. 1527ರಿಂದ ಸ್ಪೈಯರ್ ಇದರ ನೆಲೆ. 1689ರಲ್ಲಿ ಫ್ರೆಂಚ್ ಸೇನೆ ಆ ಪಟ್ಟಣವನ್ನು ಸುಟ್ಟ ಮೇಲೆ ವೆಟ್ಸ್ಲಾರಿಗೆ ಬಂದು, 1806ರಲ್ಲಿ ಸಾಮ್ರಾಜ್ಯದೊಡನೆಯೇ ಅಂತ್ಯಗೊಂಡಿತು. (ಕವಿ ಗಯಟೆ 1772ರಲ್ಲಿ ನ್ಯಾಯಶಾಸ್ತ್ರದ ಅಭ್ಯಾಸಕ್ಕಾಗಿ ಕೆಲವು ತಿಂಗಳು ಇದ್ದುದು ಈ ವೆಟ್ಸ್ಲಾರಿನಲ್ಲಿಯೇ.) ಸುಮಾರು 75,000ಕ್ಕೂ ಮೇಲ್ಪಟ್ಟು ವ್ಯಾಜ್ಯಗಳ ಕಡತಗಳು ಇಂದಿಗೂ ಉಳಿದಿವೆ. ಯಹೂದಿಗಳು ಇದರ ಮುಂದೆ ವಾದಿಗಳಾಗಿಯೂ ಪ್ರತಿವಾದಿಗಳಾಗಿಯೂ ನಿಲ್ಲಬಹುದಾಗಿತ್ತು. ಅವರು ರೋಮನ್ ವಿಧಿಗೆ ಒಳಪಟ್ಟ ಪ್ರಜೆಗಳೆಂದು ಪಂಡಿತ ಯೊಹಾನೆಸ್ ರೊಯಿಖ್ಲಿನ್ 1510ರ ತನ್ನ ಅಭಿಪ್ರಾಯಪತ್ರದಲ್ಲಿ ವಾದಿಸಿದ್ದುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು.

ಒಂದು ಕಡತದೊಳಗೆ ಏನಿರುತ್ತದೆ? ಸಮನ್ಸು, ವಾದಪತ್ರ, ಪ್ರತಿವಾದ, ಕೆಳ ನ್ಯಾಯಾಲಯದ ನಡವಳಿಯ ಪ್ರತಿ, ಸಾಕ್ಷಿಗಳ ಹೇಳಿಕೆ, ಸಾಲಪತ್ರ, ರಶೀದಿ, ಒಡೆಯನು ಕೊಟ್ಟ ರಕ್ಷಣಾಪತ್ರ. ಇವುಗಳಲ್ಲಿ ಸಾಕ್ಷಿಗಳ ಹೇಳಿಕೆಯೇ ಇತಿಹಾಸಕಾರನಿಗೆ ನಿಧಿ. ವಿಚಾರಣಾಧಿಕಾರಿಗಳು ಮೊದಲೇ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಹಿಡಿದು ಒಬ್ಬೊಬ್ಬ ಸಾಕ್ಷಿಯ ವಯಸ್ಸು, ವೃತ್ತಿ, ಕಕ್ಷಿಗಳೊಡನೆ ಅವನಿಗಿರುವ ಸಂಬಂಧ ಇವನ್ನೆಲ್ಲ ಕೇಳಿ ಬರೆಸುತ್ತಿದ್ದರು. ಯಹೂದಿ ಕುದುರೆ ಮಾರಿದ ಸಂತೆ ಯಾವುದು, ಸಾಲ ಪಡೆದ ರೈತ ಯಾವ ಊರಿನವನು, ಶವಸಂಸ್ಕಾರಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದ್ದರು ಎಂಬಂಥ ಸಂಗತಿಗಳು ಬೇರೆ ಯಾವ ಗ್ರಂಥದಲ್ಲಿಯೂ ದೊರೆಯುವಂಥವಲ್ಲ. ಯಾರೂ ಚರಿತ್ರೆಗೆಂದು ಬರೆಸಿದ ಮಾತುಗಳಲ್ಲವಾದ್ದರಿಂದಲೇ ಅವಕ್ಕೆ ಬೆಲೆ.

ಆದರೆ ಇವನ್ನು ನೇರವಾಗಿ ಸತ್ಯವೆಂದು ಗ್ರಹಿಸುವುದು ಅವಿವೇಕ. ವಾದಪತ್ರವು ಕಕ್ಷಿಯ ಮಾತಲ್ಲ, ಅವನ ಪರವಾಗಿ ಕ್ರೈಸ್ತ ವಕೀಲನು ಸಿದ್ಧಸೂತ್ರಗಳಲ್ಲಿ ಬರೆದ ಮಾತು. ಸಾಲ ಕೊಟ್ಟವನು ಯಹೂದಿಯಾದರೆ ಅವನ ಮೇಲೆ ಅತಿಬಡ್ಡಿಯ ಆರೋಪ ಯಾಂತ್ರಿಕವಾಗಿ ಬರುತ್ತದೆ. ಅದು ಆ ಹಳ್ಳಿಯ ಬಡ್ಡಿಯ ದರಕ್ಕೆ ಪ್ರಮಾಣವಾಗಲಾರದು. ನ್ಯಾಯಸ್ಥಾನ ತನ್ನ ತೀರ್ಪಿಗೆ ಕಾರಣಗಳನ್ನು ಪ್ರಕಟಿಸುತ್ತಿರಲಿಲ್ಲ. ಎಷ್ಟೋ ವ್ಯಾಜ್ಯಗಳು ತೀರ್ಪೇ ಇಲ್ಲದೆ ನಿಂತುಹೋಗಿವೆ. ಇನ್ನೊಂದು ಮಿತಿಯೂ ಉಂಟು. ತಮ್ಮತಮ್ಮೊಳಗಿನ ವಿವಾದಗಳನ್ನು ಅನ್ಯಮತೀಯರ ನ್ಯಾಯಾಲಯಕ್ಕೆ ಒಯ್ಯಬಾರದೆಂಬುದು ಯಹೂದಿ ಧರ್ಮಶಾಸ್ತ್ರದ ವಿಧಿ. 1603ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ರಬ್ಬಿಗಳ ಸಭೆ ಅದನ್ನೇ ಪುನರುಚ್ಚರಿಸಿತು. ಆದಕಾರಣ ಕಡತಗಳಲ್ಲಿ ಕಾಣುವುದು ಯಹೂದಿಯು ಹೊರಜಗತ್ತಿಗೆ ತಿರುಗಿಸಿದ ಮುಖ. ಮನೆಯೊಳಗಿನ ಬಾಳು ಅಲ್ಲಿ ಸಂದಿಗೊಂದಿಗಳಲ್ಲಿ ಮಾತ್ರ ಇಣುಕುತ್ತದೆ.

ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದಕ್ಕೆ ರೋಸ್‌ಹೈಮಿನ ಯೋಸೆಲನ (ಸುಮಾರು 1478-1554) ಪ್ರಕರಣವನ್ನು ನೋಡಬಹುದು. ಅಲ್ಸಾಸ್ ಪ್ರಾಂತದ ಈತನನ್ನು 1510ರಲ್ಲಿ ಅಲ್ಲಿನ ಸಮುದಾಯಗಳು ತಮ್ಮ ಮುಖಂಡನನ್ನಾಗಿ ಆರಿಸಿದವು. ಹೀಬ್ರೂವಿನಲ್ಲಿ ಅವನ ಬಿರುದು ‘ಪರ್ನಾಸ್ ಉ-ಮನ್ಹೀಗ್’. ಪೋಷಕ ಮತ್ತು ನಡೆಸುವವ ಎಂದು ಅರ್ಥ. ಜರ್ಮನ್ ಭಾಷೆಯ ಮನವಿಗಳಲ್ಲಿ ಆತ ತನ್ನನ್ನು ಯಹೂದಿ ಜನದ ‘ರೆಗೀರರ್’ ಎಂದು ಬರೆದುಕೊಂಡನು. 1530ರ ದಶಕದ ನಡುವಿನಲ್ಲಿ ಸಾಮ್ರಾಜ್ಯದ ಅಭಿಯೋಜಕನು ಇದನ್ನೇ ಅಪರಾಧವೆಂದೆಣಿಸಿ ಅವನನ್ನು ಸ್ಪೈಯರಿನ ನ್ಯಾಯಸ್ಥಾನಕ್ಕೆ ಎಳೆದನು. ಆಳುವವನು ಎಂಬರ್ಥದ ಆ ಪದ ಚಕ್ರವರ್ತಿಗೆ ಮಾತ್ರ ಸಲ್ಲತಕ್ಕದ್ದೆಂಬುದು ಅವನ ವಾದ. ತೀರ್ಪು ಯೋಸೆಲನಿಗೆ ವಿರುದ್ಧವಾಯಿತು. ಬಿರುದಿನ ಬಳಕೆ ನಿಷಿದ್ಧವಾಯಿತು. ಕಡತವನ್ನಷ್ಟೇ ಓದುವವನಿಗೆ ಆತ ಅಧಿಕಾರದ ಮದವೇರಿದವನಂತೆ ತೋರಿದರೆ ಆಶ್ಚರ್ಯವಿಲ್ಲ. ಹೀಬ್ರೂ ಮೂಲವನ್ನು ಪಕ್ಕದಲ್ಲಿಟ್ಟು ನೋಡಿದರೆ ಇಡೀ ವಿವಾದ ಒಂದು ಪದದ ಅನುವಾದದ ಸುತ್ತ ಹೆಣೆದುಕೊಂಡಿರುವುದು ಸ್ಪಷ್ಟವಾಗುತ್ತದೆ. ಯೋಸೆಲನು ಹೀಬ್ರೂವಿನಲ್ಲಿ ಬರೆದಿಟ್ಟ ಸ್ಮೃತಿಬರಹವೂ ಉಳಿದು ಬಂದಿರುವುದು ನಮ್ಮ ಭಾಗ್ಯ. ಇಂಥ ಎರಡು ಪಾಠಗಳ ಸಂವಾದ ಸಾಧ್ಯವಾಗುವುದು ವಿರಳ. ಸೆಲ್ಮಾ ಸ್ಟರ್ನ್ 1959ರಲ್ಲಿ ಪ್ರಕಟಿಸಿದ ಯೋಸೆಲನ ಚರಿತ್ರೆಯನ್ನು ಆಸಕ್ತರು ನೋಡಬೇಕು.

ಕಡತಗಳು ಇಂದು ಎಲ್ಲಿವೆ ಎಂಬ ವಿಷಯ ಹಸ್ತಪ್ರತಿಗಳ ಸೂಚೀಪತ್ರ ಮಾಡಿದವರಿಗೆ ವಿಶೇಷವಾಗಿ ಮನದಟ್ಟಾಗುವಂಥದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ವೆಟ್ಸ್ಲಾರಿನ ಭಂಡಾರವನ್ನು ಒಡೆದು ಜರ್ಮನ್ ರಾಜ್ಯಗಳಿಗೆ ಹಂಚಿದರು. ಸ್ಥೂಲವಾಗಿ, ಪ್ರತಿವಾದಿಯ ನೆಲೆ ಯಾವ ರಾಜ್ಯದಲ್ಲಿತ್ತೋ ಕಡತ ಆ ರಾಜ್ಯಕ್ಕೆ ಹೋಯಿತು. ಒಡೆಯನ ಮೇಲೆಯೋ ನಗರಸಭೆಯ ಮೇಲೆಯೋ ದಾವೆ ಹೂಡಿದ ಯಹೂದಿಯ ಕಾಗದಗಳು ಹೀಗೆ ಅವನ ಎದುರಾಳಿಯ ನಾಡಿನ ದಫ್ತರಕ್ಕೆ ಸೇರಿದವು. ಒಂದು ಹಳ್ಳಿಯ ಯಹೂದಿಗಳನ್ನು ಕುರಿತು ಬರೆಯುವವನು ಆ ಹಳ್ಳಿಯ ಜಿಲ್ಲೆಯಲ್ಲಿ ಮಾತ್ರ ಹುಡುಕಿ, ಏನೂ ಇಲ್ಲವೆಂದು ಕೈಚೆಲ್ಲಿದರೆ ತಪ್ಪು ಅವನದೇ. ವಿಯೆನ್ನಾದಲ್ಲಿದ್ದ ಇನ್ನೊಂದು ಉನ್ನತ ನ್ಯಾಯಸ್ಥಾನ ರೈಷ್‌ಹೋಫ್‌ರಾಟ್‌ನ ಕಡತಗಳು ಇಂತಹ ಹಂಚಿಕೆಗೆ ಒಳಗಾಗದೆ ಆ ನಗರದ ದಫ್ತರದಲ್ಲಿಯೇ ಉಳಿದಿವೆ. ಯಹೂದಿಗಳು ಅಲ್ಲಿಗೂ ಮೊರೆಹೋಗುತ್ತಿದ್ದರಾದ್ದರಿಂದ ಎರಡನ್ನೂ ಕೂಡಿಯೇ ನೋಡತಕ್ಕದ್ದು.

1978ರಿಂದ ಜರ್ಮನಿಯ ದಫ್ತರಗಳು ತಮ್ಮ ಪಾಲಿನ ಕಡತಗಳಿಗೆ ವಿವರವಾದ ಸೂಚಿಗಳನ್ನು ಏಕರೂಪದ ನಿಯಮಕ್ಕನುಸಾರವಾಗಿ ಸಿದ್ಧಪಡಿಸಿ ಪ್ರಕಟಿಸತೊಡಗಿದವು. ಚದುರಿದ ಭಂಡಾರವನ್ನು ಕಾಗದದ ಮೇಲಾದರೂ ಒಂದುಗೂಡಿಸುವ ಈ ಕೆಲಸ ಶ್ಲಾಘನೀಯ. ಆದರೂ ಹೆಸರುಗಳ ತೊಡಕು ಬಿಡದು. ಜರ್ಮನ್ ಲಿಪಿಕಾರನು ಯಹೂದಿಯನ್ನು ಅವನ ಊರಿನಿಂದ ಗುರುತಿಸಿ ‘ಇಂಥ ಊರಿನ ಯಹೂದಿ’ ಎಂದು ಬರೆಯುತ್ತಾನೆ. ಮನೆ ಬದಲಾದರೆ ಹೆಸರೂ ಬದಲಾಗುತ್ತದೆ. ಅದೇ ವ್ಯಕ್ತಿ ರಶೀದಿಯ ಕೆಳಗೆ ಹೀಬ್ರೂ ಅಕ್ಷರದಲ್ಲಿ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಬರೆದಿದ್ದರೆ, ಬೇರೆ ಬೇರೆ ದಫ್ತರಗಳಲ್ಲಿರುವ ಎರಡು ಕಡತಗಳ ಎರಡು ಹೆಸರುಗಳು ಒಬ್ಬನವೇ ಎಂದು ತೋರಿಸಲು ಆ ಒಂದು ಸಾಲು ಸಾಕು. ಲ್ಯಾಟಿನ್, ಜರ್ಮನ್ ಬಲ್ಲ ಸೂಚೀಕಾರರ ಜೊತೆಗೆ ಆ ಸಾಲನ್ನು ಓದಬಲ್ಲವರೂ ಕುಳಿತುಕೊಳ್ಳಬೇಕಾಗಿದೆ.