ರೆಕ್ಕೆಯ ಕೆಳಗಿನ ಬಿಡಾರ: ಆಷ್‌ಕಾಷ್ ವಿಮಾನ ಜಾತ್ರೆಯ ಕಥೆ

ಈ ದೇಶದಲ್ಲಿ ಮಕ್ಕಳನ್ನು ಸಾಕಿ ಬೆಳೆಸಿದ ನಮ್ಮಲ್ಲಿ ಅನೇಕರಿಗೆ ‘ಆಷ್‌ಕಾಷ್’ ಎಂಬ ಹೆಸರು ಮೊದಲು ಪರಿಚಯವಾದದ್ದು ಬಟ್ಟೆಯಂಗಡಿಯಲ್ಲಿ. ಹೆಗಲ ಮೇಲೆ ಪಟ್ಟಿಯಿರುವ ಪುಟ್ಟ ಮಕ್ಕಳ ಉಡುಪಿಗೆ ಆ ಹೆಸರು ಪ್ರಸಿದ್ಧ. ಆ ಕಂಪನಿ 1895ರಲ್ಲಿ ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಊರಿನಲ್ಲಿ. ಊರಿಗೆ ಹೆಸರು ಬಂದದ್ದು ಮೆನಾಮಿನಿ ಎಂಬ ಮೂಲನಿವಾಸಿ ಜನಾಂಗದ ಮುಖಂಡನೊಬ್ಬನಿಂದ. ವಿನ್ನೆಬಾಗೊ ಸರೋವರದ ದಡದ ಈ ಊರಿನ ಜನಸಂಖ್ಯೆ ಸುಮಾರು 66 ಸಾವಿರ. ಆದರೆ ಪ್ರತಿವರ್ಷ ಜುಲೈ ಕೊನೆಯ ಹೊತ್ತಿಗೆ ಒಂದು ವಾರ ಇಲ್ಲಿ ಸೇರುವ ಜನ ಆರೇಳು ಲಕ್ಷ. ಈ ಊರಿಗೂ ಅಕ್ಕಪಕ್ಕದ ನಿಲ್ದಾಣಗಳಿಗೂ ಬಂದಿಳಿಯುವ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು. ಬಂದವರಲ್ಲಿ ಸಾವಿರಾರು ಮಂದಿ ಹೋಟೆಲಿಗೆ ಹೋಗುವುದಿಲ್ಲ. ತಾವೇ ಹಾರಿಸಿಕೊಂಡು ಬಂದ ವಿಮಾನದ ರೆಕ್ಕೆಯ ಕೆಳಗೆ ಡೇರೆ ಹಾಕಿ, ಹುಲ್ಲಿನ ಮೇಲೆ ಮಲಗುತ್ತಾರೆ.

ಕನ್ನಡ ನಾಡಿನಿಂದ ಬಂದವರಿಗೆ ಇದು ತೀರ ಅಪರಿಚಿತ ದೃಶ್ಯವೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಗಾಡಿ ಕಟ್ಟಿಕೊಂಡು ಹೋಗಿ, ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ರಾತ್ರಿ ಗಾಡಿಯ ಕೆಳಗೇ ಮಲಗುತ್ತಿದ್ದ ನಮ್ಮ ಹಿರಿಯರ ಪದ್ಧತಿ ನೆನಪಿದ್ದವರು ಆಷ್‌ಕಾಷ್‌ನ ಬಯಲನ್ನು ಕಂಡರೆ ತಟ್ಟನೆ ಗುರುತು ಹಿಡಿಯುತ್ತಾರೆ. ಬಂದ ವಾಹನವೇ ಮನೆ, ಪಕ್ಕದ ಬಿಡಾರದವರೇ ನೆಂಟರು. ಈ ಜಾತ್ರೆ ಹೇಗೆ ಹುಟ್ಟಿತು, ಇಷ್ಟು ದೊಡ್ಡದಾದ ಮೇಲೂ ಹೇಗೆ ಕೆಡದೆ ಉಳಿದಿದೆ ಎಂಬುದು ಸಂಘಗಳನ್ನು ಕಟ್ಟಿಕೊಂಡು ಬಾಳುವ ನಮ್ಮಂಥವರು ತಿಳಿಯತಕ್ಕ ಚರಿತ್ರೆ.

ಇದರ ಮೂಲಪುರುಷ ಪಾಲ್ ಪೊಬೆರೆಜ್ನಿ. 1921ರಲ್ಲಿ ಹುಟ್ಟಿದ ಇವರು ಸೇನೆಯಲ್ಲಿ ವಿಮಾನ ಹಾರಿಸಿದವರು. ಬಿಡುವಿನ ವೇಳೆಯಲ್ಲಿ ಸ್ವಂತ ಕೈಯಿಂದ ಸಣ್ಣ ವಿಮಾನ ಕಟ್ಟುವ ಹುಚ್ಚು ಹಿಡಿದವರು. ಅಂಥದೇ ಹುಚ್ಚಿನ ಕೆಲವರನ್ನು ಕೂಡಿಸಿ 1953ರ ಜನವರಿ 26ರಂದು, ಎಂದರೆ ನಮ್ಮ ಗಣರಾಜ್ಯಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಮಿಲ್ವಾಕಿಯ ಕರ್ಟಿಸ್ ರೈಟ್ ವಿಮಾನ ನಿಲ್ದಾಣದಲ್ಲಿ ಮೊದಲ ಸಭೆ ನಡೆಸಿದರು. ಹೀಗೆ ‘ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್’ ಹುಟ್ಟಿತು. ಎಲ್ಲರ ಬಾಯಲ್ಲಿ ಅದು ಇ.ಎ.ಎ. ಸಂಘದ ಮೊದಲ ಕಚೇರಿ ಹೇಲ್ಸ್ ಕಾರ್ನರ್ಸ್ ಎಂಬಲ್ಲಿದ್ದ ಪೊಬೆರೆಜ್ನಿಯವರ ಮನೆಯ ನೆಲಮಾಳಿಗೆ. ಆ ಕಚೇರಿಯ ಕೆಲಸಕ್ಕೆ ಹೆಗಲು ಕೊಟ್ಟವರು ಪತ್ನಿ ಆಡ್ರಿ. ನಮ್ಮ ಎಷ್ಟೋ ಕನ್ನಡ ಸಂಘಗಳೂ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ, ಯಾರದೋ ಹೆಂಡತಿ ಮಾಡಿದ ಉಪ್ಪಿಟ್ಟು ಕಾಫಿಯ ಬಲದಿಂದ ಹುಟ್ಟಿದವಲ್ಲವೇ?

‘ಎಕ್ಸ್‌ಪೆರಿಮೆಂಟಲ್’ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ಕಾರ್ಖಾನೆಯಲ್ಲಿ ತಯಾರಾಗಿ ಸರಕಾರದ ಪೂರ್ಣ ಪರೀಕ್ಷೆಗಳನ್ನು ದಾಟಿದ ವಿಮಾನ ಒಂದು ಬಗೆ. ಹವ್ಯಾಸಿಯೊಬ್ಬ ತನ್ನ ಗ್ಯಾರೇಜಿನಲ್ಲಿ, ತನ್ನ ಸಂತೋಷಕ್ಕೆ ಮತ್ತು ಕಲಿಕೆಗೆ ಕಟ್ಟಿದ ವಿಮಾನ ಇನ್ನೊಂದು ಬಗೆ. ಅಮೆರಿಕದ ಕಾನೂನು ಈ ಎರಡನೆಯದಕ್ಕೂ ಹಾರಲು ಅವಕಾಶ ಕೊಡುತ್ತದೆ. ಆದರೆ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹವ್ಯಾಸಿಗಳೇ ಮಾಡಿರಬೇಕು. ಒಳಗೆ ಕೂರುವವರಿಗೆ ಕಾಣುವಂತೆ ‘ಎಕ್ಸ್‌ಪೆರಿಮೆಂಟಲ್’ ಎಂದು ಬರೆದಿರಬೇಕು. 1955ರಲ್ಲಿ ಪೊಬೆರೆಜ್ನಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ‘ಬೇಬಿ ಏಸ್’ ಎಂಬ ಪುಟ್ಟ ವಿಮಾನವನ್ನು 800 ಡಾಲರಿನೊಳಗೆ ಕಟ್ಟುವ ಬಗೆಯನ್ನು ವಿವರಿಸಿದರು. ಬಡಗಿಗಳು, ಮೆಕ್ಯಾನಿಕ್‌ಗಳು, ಮೇಷ್ಟರುಗಳು ಅದನ್ನು ಓದಿ ಸಂಘಕ್ಕೆ ಪತ್ರ ಬರೆಯತೊಡಗಿದರು. ಸದಸ್ಯರ ಸಂಖ್ಯೆ ಏರಿದ್ದು ಹಾಗೆ.

1953ರ ಸೆಪ್ಟೆಂಬರಿನಲ್ಲಿ ಮಿಲ್ವಾಕಿಯಲ್ಲಿ ನಡೆದ ಮೊದಲ ಕೂಟಕ್ಕೆ ನೋಂದಾಯಿಸಿದವರು ನೂರೈವತ್ತು ಜನವೂ ಇರಲಿಲ್ಲ. ಬಂದಿಳಿದ ವಿಮಾನಗಳು ಕೆಲವೇ ಕೆಲವು. 1959ರಲ್ಲಿ ಜಾಗ ಸಾಲದೆ ಕೂಟ ಇಲಿನಾಯ್ ರಾಜ್ಯದ ರಾಕ್‌ಫರ್ಡಿಗೆ ಹೋಯಿತು. ಹತ್ತು ವರ್ಷಗಳಲ್ಲಿ ಅಲ್ಲಿಯೂ ಇಕ್ಕಟ್ಟಾಯಿತು. ಆಗ ಆಷ್‌ಕಾಷ್ ಕಡೆಗೆ ದಾರಿ ತೋರಿದವರು ಸ್ಟೀವ್ ವಿಟ್‌ಮನ್. ಪಂದ್ಯದ ವಿಮಾನಗಳನ್ನು ತಾವೇ ರೂಪಿಸಿ, ತಾವೇ ಓಡಿಸಿ ಹೆಸರಾದ ಇವರು 1931ರಿಂದ 1969ರವರೆಗೆ ಆಷ್‌ಕಾಷ್ ನಿಲ್ದಾಣದ ವ್ಯವಸ್ಥಾಪಕರಾಗಿದ್ದವರು. ಅಲ್ಲಿನ ಎರಡು ದೊಡ್ಡ ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದಿಲ್ಲ. ಆದ್ದರಿಂದ ಎರಡರ ಮೇಲೂ ಒಟ್ಟಿಗೇ ವಿಮಾನ ಇಳಿಸಬಹುದು. ಸುತ್ತ ಬೇಕಾದಷ್ಟು ಹುಲ್ಲುಗಾವಲು. 1970ರಲ್ಲಿ ಜಾತ್ರೆ ಅಲ್ಲಿಗೆ ಬಂತು. ಮತ್ತೆ ಊರು ಬದಲಾಯಿಸಿಲ್ಲ. ನಿಲ್ದಾಣಕ್ಕೆ ಈಗ ವಿಟ್‌ಮನ್ನರ ಹೆಸರೇ ಇದೆ. 1998ರಿಂದ ಜಾತ್ರೆಯ ಅಧಿಕೃತ ಹೆಸರು ‘ಏರ್‌ವೆಂಚರ್’. ಹಳಬರು ಮಾತ್ರ ಇಂದಿಗೂ ‘ಆಷ್‌ಕಾಷ್‌ಗೆ ಹೋಗುತ್ತೇವೆ’ ಎನ್ನುತ್ತಾರೆ; ಊರಿನ ಹೆಸರೇ ಜಾತ್ರೆಯ ಹೆಸರು.

ಇನ್ನು ಅಲ್ಲಿಗೆ ಹಾರಿ ಬರುವ ಬಗೆಯನ್ನು ನೋಡೋಣ. ಸಾಮಾನ್ಯವಾಗಿ ವಿಮಾನ ನಿಲ್ದಾಣ ಸಮೀಪಿಸುವ ಪೈಲಟ್ ರೇಡಿಯೋದಲ್ಲಿ ತನ್ನ ಗುರುತು ಹೇಳಿ, ಅಪ್ಪಣೆ ಕೇಳಿ, ಉತ್ತರಕ್ಕೆ ಕಾಯುತ್ತಾನೆ. ಒಂದೇ ಹೊತ್ತಿಗೆ ನೂರಾರು ಮಂದಿ ಹಾಗೆ ಮಾತಾಡತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಆದ್ದರಿಂದ ಇಲ್ಲಿಯ ನಿಯಮ ತಿರುವುಮುರುವು: ಬರುವವನು ಮಾತಾಡಬಾರದು, ಕೇಳಿಸಿಕೊಳ್ಳಬೇಕು. ಆಷ್‌ಕಾಷ್‌ಗೆ ನೈಋತ್ಯದಲ್ಲಿ ರಿಪನ್ ಎಂಬ ಊರಿದೆ. ಬರಿಗಣ್ಣಿನ ನೋಟವನ್ನೇ ನಂಬಿ ಹಾರುವ ಸಣ್ಣ ವಿಮಾನಗಳು ಅಲ್ಲಿ ಒಂದರ ಹಿಂದೊಂದು, ನಡುವೆ ಅರ್ಧ ಮೈಲಿ ಅಂತರ ಬಿಟ್ಟು ಸಾಲುಗೂಡುತ್ತವೆ. ಸಮುದ್ರ ಮಟ್ಟದಿಂದ 1,800 ಅಡಿ ಎತ್ತರದಲ್ಲಿ, 90 ನಾಟ್ ವೇಗದಲ್ಲಿ ರೈಲು ಕಂಬಿಯ ಮೇಲೆಯೇ ಫಿಸ್ಕ್ ಎಂಬ ಹಳ್ಳಿಯವರೆಗೆ ಬರುತ್ತವೆ. ಅಷ್ಟು ನಿಧಾನವಾಗಿ ಹಾರಲಾರದ ವಿಮಾನಗಳಿಗೆ 2,300 ಅಡಿಯಲ್ಲಿ 135 ನಾಟ್ ವೇಗದ ಇನ್ನೊಂದು ಸಾಲು. ಫಿಸ್ಕ್‌ನ ದಿಬ್ಬದ ಮೇಲೆ ದುರ್ಬೀನು ಹಿಡಿದು ನಿಂತ ನಿಯಂತ್ರಕರು ವಿಮಾನದ ಬಣ್ಣ, ರೆಕ್ಕೆಯ ಜಾಗ ನೋಡಿ ಕೂಗುತ್ತಾರೆ: ಬಿಳಿ ಬಣ್ಣದ, ಮೇಲ್ರೆಕ್ಕೆಯವನೇ, ರೆಕ್ಕೆ ಆಡಿಸು! ಅವನು ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ತೂಗಿಸುತ್ತಾನೆ. ಅದೇ ಅವನ ಉತ್ತರ. ಮುಂದೆ ಯಾವ ರನ್‌ವೇ, ಯಾರ ಹಿಂದೆ ಎಂದು ಅವರು ಹೇಳುತ್ತಾರೆ. ಅವನು ತೆಪ್ಪಗೆ ಹಾಗೆಯೇ ನಡೆಯುತ್ತಾನೆ.

ರನ್‌ವೇಯ ಮೇಲೆ ದೊಡ್ಡ ದೊಡ್ಡ ಬಣ್ಣದ ಬೊಟ್ಟುಗಳನ್ನು ಬಳಿದಿರುತ್ತಾರೆ. ಒಬ್ಬನಿಗೆ ಹಸಿರು ಬೊಟ್ಟಿನ ಮೇಲೆ ಇಳಿ ಎಂದರೆ ಹಿಂದಿನವನಿಗೆ ಕಿತ್ತಳೆ ಬೊಟ್ಟು. ಹೀಗೆ ಒಂದೇ ರನ್‌ವೇಯ ಮೇಲೆ ಎರಡು ಮೂರು ವಿಮಾನಗಳು ಏಕಕಾಲಕ್ಕೆ ಇಳಿಯಬಲ್ಲವು. ಬೇರೆಡೆ ಕಡ್ಡಾಯವಾದ ಅಂತರಕ್ಕೆ ಈ ಒಂದು ವಾರ ವಿಶೇಷ ವಿನಾಯಿತಿ ಉಂಟು. 2023ರ ಜಾತ್ರೆಯ ಹನ್ನೊಂದು ದಿನಗಳಲ್ಲಿ ಇಲ್ಲಿ ಇಳಿದ ಮತ್ತು ಏರಿದ ಲೆಕ್ಕ 21,883. ಆ ಒಂದು ವಾರ ಲೋಕದ ಅತ್ಯಂತ ಗಡಿಬಿಡಿಯ ನಿಯಂತ್ರಣ ಗೋಪುರ ಈ ಸಣ್ಣ ಊರಿನದು. ಇಲ್ಲಿ ದುಡಿಯಲು ದೇಶದ ನಾನಾ ಭಾಗದ ನಿಯಂತ್ರಕರು ಪೈಪೋಟಿಯಿಂದ ಹೆಸರು ಕೊಡುತ್ತಾರೆ. ಗುಲಾಬಿ ಬಣ್ಣದ ಅಂಗಿಯಿಂದ ಅವರನ್ನು ದೂರದಿಂದಲೇ ಗುರುತಿಸಬಹುದು.

ಇಳಿದ ಮೇಲೆ ಪೈಲಟ್ ಗಾಜಿನೊಳಗಿಂದ ಒಂದು ರಟ್ಟಿನ ಫಲಕ ತೋರಿಸಬೇಕು. ಬಿಡಾರ ಹೂಡುವವನಾದರೆ ಅದರ ಮೇಲೆ ದಪ್ಪಕ್ಷರದಲ್ಲಿ ಅದರ ಸಂಕೇತ. ಅದನ್ನು ನೋಡಿ ಸ್ವಯಂಸೇವಕರು ಕೈಸನ್ನೆಯಿಂದಲೇ ‘ನಾರ್ತ್ ಫಾರ್ಟಿ’ ಎಂಬ ಉತ್ತರದ ಹುಲ್ಲುಬಯಲಿಗೋ ದಕ್ಷಿಣದ ಬಯಲಿಗೋ ಸಾಲು ಹಿಡಿಸುತ್ತಾರೆ. ಬಂದವನ ಮೊದಲ ಕೆಲಸ ಡೇರೆ ಅಲ್ಲ, ಅನ್ನವೂ ಅಲ್ಲ. ಗೂಟ ಹೊಡೆದು, ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ ಬಿಗಿಯುವುದು. ಎತ್ತು ಕಟ್ಟದೆ ಜಾತ್ರೆ ನೋಡಲು ಹೊರಟವನ ಪಾಡು ನಮಗೆ ಗೊತ್ತಿದೆ. ಇಲ್ಲಿ ಅದು ತಮಾಷೆಯ ಮಾತಲ್ಲ. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡಿನಲ್ಲಿ ಇಂಥದೇ ಕೂಟದ ಮೇಲೆ ಸುಂಟರಗಾಳಿ ಎರಗಿ ಹತ್ತಾರು ವಿಮಾನಗಳನ್ನು ಮಗುಚಿ ಹಾಕಿತು. ಗಟ್ಟಿಯಾಗಿ ಕಟ್ಟದ ವಿಮಾನ ಪಕ್ಕದವನ ಡೇರೆಗೂ ಮೃತ್ಯು.

ಕಾರಿನಲ್ಲಿ, ಟ್ರೈಲರಿನಲ್ಲಿ ಬರುವವರಿಗೆ ‘ಕ್ಯಾಂಪ್ ಷೋಲರ್’ ಎಂಬ ಬೇರೆಯೇ ಬಿಡಾರದ ಊರಿದೆ. ಎರಡೂ ಕಡೆ ಸೇರಿ ಸುಮಾರು 40 ಸಾವಿರ ಜನ ಡೇರೆ ಹೂಡುತ್ತಾರೆಂದು ಅಂದಾಜು. ಹಗಲು ಪ್ರದರ್ಶನ, ಮಧ್ಯಾಹ್ನ ಆಕಾಶದಲ್ಲಿ ಕಸರತ್ತು. ಆದರೆ ಹೋಗಿ ಬಂದವರು ಹೆಚ್ಚು ಹೇಳುವುದು ಸಂಜೆಯ ಮಾತನ್ನು. ಸಾಲಿನಲ್ಲಿ ಪಕ್ಕಕ್ಕೆ ಬಂದು ನಿಂತದ್ದು ಯಾರ ವಿಮಾನವೋ, ಅವನು ಡಾಕ್ಟರೋ ರೈತನೋ ನಿಮಗೆ ಗೊತ್ತಿರುವುದಿಲ್ಲ. ಕುರ್ಚಿ ಬಿಚ್ಚಿ ಕುಳಿತರೆ ಕೇಳುವ ಮೊದಲ ಪ್ರಶ್ನೆ, ಇದನ್ನು ನೀವೇ ಕಟ್ಟಿದಿರಾ ಎಂಬುದು.

ಆ ಪ್ರಶ್ನೆ ನಮ್ಮ ಬೆಂಗಳೂರಿನವರೆಗೂ ಮುಟ್ಟಿದೆ. 1975ರಲ್ಲಿ ಬರ್ಟ್ ರುಟಾನ್ ಎಂಬ ಯುವ ಎಂಜಿನಿಯರ್ ‘ವೇರಿ ಈಜಿ’ ಎಂಬ ವಿಚಿತ್ರ ಆಕಾರದ ವಿಮಾನವನ್ನು ಆಷ್‌ಕಾಷ್‌ಗೆ ತಂದರು. ಬಾಲದಲ್ಲಿರಬೇಕಾದ ಕಿರುರೆಕ್ಕೆ ಮೂತಿಯ ಬಳಿ, ಎಂಜಿನ್ ಹಿಂದುಗಡೆ. ಮೈಯೆಲ್ಲ ಫೋಮ್ ಮತ್ತು ಗಾಜಿನ ನಾರು. ಅದರಲ್ಲಿ ಅವರ ಅಣ್ಣ ಡಿಕ್ ರುಟಾನ್ ಇದೇ ಊರಿನಿಂದ ಹಾರಿ ದೂರದ ದಾಖಲೆಯನ್ನು ಸ್ಥಾಪಿಸಿದರು. ಅದರ ಮುಂದಿನ ರೂಪ ‘ಲಾಂಗ್ ಈಜಿ’ 1979ರಲ್ಲಿ ಹಾರಿತು. ಹವ್ಯಾಸಿಗಳು ಅದರ ನಕ್ಷೆ ಕೊಂಡು ಮನೆಯಲ್ಲಿ ಕಟ್ಟತೊಡಗಿದರು. ಇದೇ ಲಾಂಗ್ ಈಜಿಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ತನ್ನ ಮೊದಲ ಪ್ರಾಯೋಗಿಕ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅದೇ ಸಂಸ್ಥೆಯ ‘ಹಂಸ’ ತರಬೇತಿ ವಿಮಾನ 1993ರಲ್ಲಿ ಮೇಲೇರಿತು. ಗ್ಯಾರೇಜಿನ ಹುಚ್ಚು ಪ್ರಯೋಗಾಲಯಕ್ಕೂ ದಾರಿ ತೋರಿದ ಉದಾಹರಣೆ ಇದು.

ಎಲ್ಲವೂ ಸುಸೂತ್ರವಾಗಿಯೇ ನಡೆದು ಬಂದಿದೆ ಎಂದೇನಲ್ಲ. 2010ರಲ್ಲಿ ಮಳೆ ಸುರಿದು ಬಯಲೆಲ್ಲ ಕೆಸರಾಗಿ, ಹುಲ್ಲಿನ ಮೇಲೆ ವಿಮಾನ ನಿಲ್ಲಿಸಲಾಗದೆ ಬಂದವರನ್ನು ಬೇರೆ ಊರುಗಳಿಗೆ ತಿರುಗಿಸಬೇಕಾಯಿತು. 2013ರಲ್ಲಿ ಕೇಂದ್ರ ಸರಕಾರದ ಖರ್ಚು ಕಡಿತದ ಕಾಲದಲ್ಲಿ ನಿಯಂತ್ರಕರ ವೆಚ್ಚವೆಂದು ಸುಮಾರು 4 ಲಕ್ಷ 47 ಸಾವಿರ ಡಾಲರನ್ನು ಸಂಘದಿಂದ ಕೇಳಲಾಯಿತು. ಸಂಘ ಪ್ರತಿಭಟಿಸುತ್ತಲೇ ಒಪ್ಪಿಕೊಂಡಿತು. 2018ರಲ್ಲಿ ಕೆಟ್ಟ ಹವೆಯಿಂದ ತಡೆದು ನಿಂತಿದ್ದವರೆಲ್ಲ ಒಂದೇ ದಿನ ನುಗ್ಗಿ, ಸಾಲು ಮುರಿದು, ಎಷ್ಟೋ ಮಂದಿ ಗಂಟೆಗಟ್ಟಲೆ ಕೆರೆಗಳ ಮೇಲೆ ಸುತ್ತಿ ಹಿಂತಿರುಗಿದರು. ಅದರಿಂದ ಪಾಠ ಕಲಿತು, ದಟ್ಟಣೆಯಾದಾಗ ಸಾಲನ್ನು ರಿಪನ್‌ಗಿಂತ ಹಿಂದಿನಿಂದಲೇ ಶುರುಮಾಡುವ ಏರ್ಪಾಡು ಬಂತು. 2020ರಲ್ಲಿ ಕೋವಿಡ್ ಕಾರಣ ಜಾತ್ರೆ ನಡೆಯಲೇ ಇಲ್ಲ. 2023ರ ಜುಲೈ 29ರ ಒಂದೇ ದಿನ ಎರಡು ಅಪಘಾತಗಳಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಮೂವತ್ತು ಪುಟ ಮೀರುವ ಸೂಚನೆಯ ಪುಸ್ತಿಕೆಯನ್ನು ಪ್ರತಿವರ್ಷ ಪ್ರತಿಯೊಬ್ಬ ಪೈಲಟ್ ಹೊಸದಾಗಿ ಓದಿಯೇ ಹೊರಡಬೇಕೆನ್ನುವುದು ಸುಮ್ಮನೆ ಅಲ್ಲ.

ದೊಡ್ಡದಾಗುವುದರಲ್ಲಿ ಇನ್ನೂ ಒಂದು ಅಪಾಯವುಂಟು. ದೊಡ್ಡ ಕಂಪನಿಗಳ ಡೇರೆಗಳು ಬಂದಂತೆ ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನ ಮೂಲೆಗೆ ಸರಿಯುತ್ತಿದೆ ಎಂಬ ಗೊಣಗು ಹಳೆಯ ಸದಸ್ಯರಲ್ಲಿ ಆಗಾಗ್ಗೆ ಕೇಳಿಬಂದಿದೆ. ಗೊಣಗುವವರು ಬಿಟ್ಟುಹೋಗಲಿಲ್ಲ ಎಂಬುದೇ ಸಂಘದ ಪುಣ್ಯ. ಇಂದಿಗೂ ಐದು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಜಾತ್ರೆಯನ್ನು ನಡೆಸುತ್ತಾರೆ. ಸದಸ್ಯರ ಸಂಖ್ಯೆ ಮೂರು ಲಕ್ಷ ದಾಟಿದೆ.

ಮುಂದಿನ ತಲೆಮಾರಿನ ಚಿಂತೆಯೂ ಅವರನ್ನು ಬಿಡಲಿಲ್ಲ. ಸದಸ್ಯರ ತಲೆಗಳು ನರೆಯುತ್ತಿರುವುದನ್ನು ಕಂಡ ಸಂಘ 1992ರಲ್ಲಿ ‘ಯಂಗ್ ಈಗಲ್ಸ್’ ಎಂಬ ಯೋಜನೆ ಆರಂಭಿಸಿತು. ಸದಸ್ಯರು ತಮ್ಮದೇ ವಿಮಾನದಲ್ಲಿ, ತಮ್ಮದೇ ಖರ್ಚಿನಲ್ಲಿ, 8ರಿಂದ 17 ವರ್ಷದ ಮಕ್ಕಳನ್ನು ಒಮ್ಮೆ ಹಾರಿಸಿಕೊಂಡು ಬರುವುದು, ಇಷ್ಟೇ ಅದರ ಕಾರ್ಯಕ್ರಮ. ಭಾಷಣವಿಲ್ಲ, ಪದಕವಿಲ್ಲ. 2003ರ ಹೊತ್ತಿಗೆ ಹತ್ತು ಲಕ್ಷ ಮಕ್ಕಳು ಹಾರಿದ್ದರು. 2016ರಲ್ಲಿ ಇಪ್ಪತ್ತು ಲಕ್ಷದ ಮಗುವನ್ನು ಆಷ್‌ಕಾಷ್‌ನಲ್ಲೇ ಹಾರಿಸಿದವರು ನಟ ಹ್ಯಾರಿಸನ್ ಫೋರ್ಡ್. ಪಾಲ್ ಪೊಬೆರೆಜ್ನಿ 2013ರಲ್ಲಿ ತೀರಿಕೊಂಡರು. ತಂದೆಯ ನಂತರ ಸಂಘವನ್ನು ನಡೆಸಿದ ಮಗ ಟಾಮ್ 2022ರ ಜುಲೈ 25ರಂದು, ಆ ವರ್ಷದ ಜಾತ್ರೆಯ ಮೊದಲ ದಿನವೇ, ಕಣ್ಣು ಮುಚ್ಚಿದರು. ಜಾತ್ರೆ ನಿಲ್ಲಲಿಲ್ಲ. ಕಟ್ಟಿದವರಿಲ್ಲದೆಯೂ ನಡೆಯುವಂತೆ ಅವರು ಅದನ್ನು ಕಟ್ಟಿದ್ದರು.

ನಮ್ಮ ಸಂಘದ ಈ ವಾರ್ಷಿಕೋತ್ಸವದ ಹೊತ್ತಿನಲ್ಲಿ, ಮಕ್ಕಳು ಮುಂದೆ ಕನ್ನಡ ಕಾರ್ಯಕ್ರಮಕ್ಕೆ ಬರುತ್ತಾರೋ ಇಲ್ಲವೋ ಎಂದು ಚಿಂತಿಸುವ ನಾವು ಇದನ್ನಿಷ್ಟು ಗಮನಿಸಬಹುದು: ಅಲ್ಲಿಯವರು ಮಕ್ಕಳಿಗೆ ವಿಮಾನದ ಹಿರಿಮೆಯನ್ನು ಬೋಧಿಸಲಿಲ್ಲ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಕುತೂಹಲವಿದ್ದವರು ಒಂದು ಜುಲೈ ತಿಂಗಳಲ್ಲಿ ಮಕ್ಕಳೊಂದಿಗೆ ಹೋಗಿ ಬನ್ನಿ. ಮಿಲ್ವಾಕಿಯಿಂದ ಕಾರಿನಲ್ಲಿ ತೊಂಬತ್ತು ಮೈಲಿಯಷ್ಟು ದಾರಿ. ಡೇರೆ, ಮಳೆಯಂಗಿ, ಒಂದು ಡಬ್ಬಿ ಚಿತ್ರಾನ್ನ ಜೊತೆಗಿರಲಿ. ಪಕ್ಕದ ಬಿಡಾರದವರಿಗೂ ಸಾಲುವಷ್ಟು.